ಪುಕ್ಕಲಣ್ಣ ಕೂಗಿದ ಮಾತು

ಲಿಫ್ಟ್ ರಿಪೇರಿ ಮಾಡುವವನೇ ಲಿಫ್ಟ್ ಹತ್ತಲು ಹೆದರುತ್ತಾನೆ ಅಂದರೆ ಜನ ನಗದೆ ಇನ್ನೇನು ಮಾಡುತ್ತಾರೆ? ನಕ್ಕರು. ನಕ್ಕು ಸುಮ್ಮನಾಗದೆ ಪುಕ್ಕಲಣ್ಣ ಅಂತ ಹೆಸರೂ ಇಟ್ಟರು. ಮೂವತ್ತೆರಡು ವರ್ಷ ಎತ್ತರೆತ್ತರದ ಕಟ್ಟಡಗಳ ಲಿಫ್ಟು ಬಿಚ್ಚಿ ಕಟ್ಟಿದ ಆಸಾಮಿ, ಕೆಲಸ ಮುಗಿದ ಮೇಲೆ ಚೀಲ ಹೆಗಲಿಗೇರಿಸಿ ಒಂಬತ್ತನೇ ಮಹಡಿಯಿಂದ ಮೆಟ್ಟಿಲಲ್ಲೇ ಇಳಿದು ಬರುತ್ತಿದ್ದ. ಯಾಕಪ್ಪಾ ಎಂದರೆ, "ಅದರ ಹೊಟ್ಟೆಯೊಳಗೆ ಏನೇನಿದೆ ಅಂತ ನಿಮಗೆ ಗೊತ್ತಿಲ್ಲ, ಅದಕ್ಕೇ ಧೈರ್ಯವಾಗಿ ಹತ್ತುತ್ತೀರಿ" ಎನ್ನುತ್ತಿದ್ದ.

ನಗುವವರು ಹೇಳದ ಮಾತೊಂದಿದೆ, ಅದನ್ನು ನಾನೇ ಹೇಳಬೇಕು. ಅವನು ಕೈಯಿಟ್ಟ ಲಿಫ್ಟಿನಲ್ಲಿ ಅಷ್ಟು ವರ್ಷಕ್ಕೂ ಒಬ್ಬರ ಉಗುರು ಕೂಡ ಮುಕ್ಕಾಗಿಲ್ಲ. ಅವನ ಕಸುಬಿನಲ್ಲಿ ಒಂದು ನಿಯಮವಿತ್ತು. ಒಬ್ಬ ಕೆಳಗಿನ ಗುಂಡಿಗೆ ಇಳಿಯುವ ಮೊದಲು ಮೇಲಿನ ಮೋಟಾರು ಕೋಣೆಯ ಸ್ವಿಚ್ಚಿಗೆ ಬೀಗ ಜಡಿಯಬೇಕು, ಆ ಬೀಗದ ಕೈ ಗುಂಡಿಗೆ ಇಳಿದವನ ಜೇಬಿನಲ್ಲಿರಬೇಕು. ಮೇಲೆ ನಿಂತವನು ಒಡಹುಟ್ಟಿದ ಅಣ್ಣನೇ ಆಗಲಿ, ಅವನ ಕೈಗೆ ಕೊಡಬಾರದು. "ಒಳಗಿದ್ದವನ ಜೀವ ಒಳಗಿದ್ದವನ ಜೇಬಲ್ಲಿ" ಎಂದು ಕೆಲಸ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಪಾಠ. ಹೆದರುವವನು ಮಾಡಿದ ನಿಯಮ, ಆದರೆ ಅದರಿಂದ ಎಷ್ಟೋ ಮನೆಯ ಗಂಡಸರು ಸಂಜೆ ಮನೆಗೆ ಮರಳಿದ್ದಾರೆ.

ಇಂಥವನು ಯಂತ್ರಗಳ ಕಾಳಗದ ಕ್ಲಬ್ಬಿಗೆ ಬಂದದ್ದು ಸೊಸೆಯ ದೆಸೆಯಿಂದ. ಆಕೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ದಿನಕ್ಕೆ ಅರವತ್ತು ತೋಳಿಗೆ ಸೂಜಿ ಚುಚ್ಚುವವಳು, ಚುಚ್ಚಿದ್ದೇ ಗೊತ್ತಾಗಲಿಲ್ಲ ಎಂದು ವಯಸ್ಸಾದವರು ಆಕೆಯ ಪಾಳಿ ಕೇಳಿಕೊಂಡು ಬರುತ್ತಿದ್ದರು. ಚೂರೂ ಅಲುಗದ ಕೈ. ಆ ಕೈಗೆ ರಜೆಯ ದಿನ ರಿಮೋಟ್ ಹಿಡಿಯುವ ಹುಚ್ಚು ಹಿಡಿಯಿತು. ದೊಡ್ಡ ತಟ್ಟೆಯಷ್ಟು ಅಗಲದ ಯಂತ್ರಕ್ಕೆ ಚಕ್ರ, ಮೋಟಾರು, ಮುಂಭಾಗದಲ್ಲಿ ಗಿರ್ರನೆ ತಿರುಗುವ ಉಕ್ಕಿನ ಬ್ಲೇಡು ಕಟ್ಟುವುದು, ದಪ್ಪ ಪ್ಲಾಸ್ಟಿಕ್ ಹಾಳೆಯ ಪಂಜರದೊಳಗೆ ಬಿಟ್ಟು ಇನ್ನೊಂದು ಯಂತ್ರವನ್ನು ಚಿಂದಿ ಮಾಡುವುದು. ಇದು ಆಟವಂತೆ! ಸೊಸೆಯ ಯಂತ್ರದ ಹೆಸರು ಗುಮ್ಮ. ಆಕೆಯ ಗಂಡ ಬೇಕರಿಯಲ್ಲಿ ಬೆಳಗಿನ ಜಾವದಿಂದ ಹಿಟ್ಟು ನಾದುವವನು, ಭಾನುವಾರ ಅವನಿಗೆ ನಿದ್ದೆ ಬಿಟ್ಟು ಬೇರೇನೂ ಬೇಡ. "ಅಪ್ಪ, ನೀನಾದ್ರೂ ಜೊತೆಗೆ ಹೋಗು" ಅಂದ. ಏನಾದರೂ ಆದರೆ ನೋಡಿಕೊಳ್ಳಲು ಒಬ್ಬರಿರಲಿ ಎಂದು ಪುಕ್ಕಲಣ್ಣ ಹೋದ, ಪಂಜರದ ಬಾಗಿಲು ಕಾಯುವ ಕೆಲಸ ತಾನಾಗಿ ವಹಿಸಿಕೊಂಡ.

ಕ್ಲಬ್ಬು ಸೇರುತ್ತಿದ್ದದ್ದು ಲೇತ್ ಯಜಮಾನರ ಶೆಡ್ಡಿನಲ್ಲಿ. ಯಜಮಾನರು ದೊಡ್ಡ ಆಳು, ಅದಕ್ಕಿಂತ ದೊಡ್ಡ ಗಂಟಲು, ಮೂಗಿನ ತುದಿಯಲ್ಲೇ ಕೋಪ. ಕ್ಲಬ್ಬಿನ ಬರವಣಿಗೆ, ಪತ್ರವ್ಯವಹಾರವೆಲ್ಲ ವಿಜ್ಞಾನದ ಟೀಚರದ್ದು. ಮೊದಲ ವರ್ಷವೇ ಪುಕ್ಕಲಣ್ಣ ತನ್ನ ಬೀಗದ ಕೈಯ ನಿಯಮ ಹೇಳಿ ನೋಡಿದ್ದ. ಪಂಜರದೊಳಗೆ ಕೈ ಹಾಕುವವನೇ ರಿಮೋಟನ್ನು ಕೊರಳಿಗೆ ನೇತುಹಾಕಿಕೊಳ್ಳಲಿ ಅಂದಿದ್ದ. ಯಜಮಾನರು ಶೆಡ್ಡು ಅದುರುವ ಹಾಗೆ ನಕ್ಕರು. "ಇದೇನು ಹದಿನೆಂಟು ಅಂತಸ್ತಿನ ಲಿಫ್ಟೇ? ಅಂಗೈ ಅಗಲದ ಗುಮ್ಮ ಮಾರಾಯ್ರೇ!" ಎಂದರು. ಆಮೇಲೆ ಅವನು ಆ ಮಾತು ಎತ್ತಲಿಲ್ಲ.

ಈಗ ಆ ಒಂದು ಪದದ ವಿಷಯಕ್ಕೆ ಬರೋಣ. ಕಾಳಗ ಶುರುವಾಗುವಾಗ ಏನು ಕೂಗಬೇಕು ಎಂದು ಯಾರೂ ಕೂತು ನಿಶ್ಚಯ ಮಾಡಿರಲಿಲ್ಲ. ಗಾಡಿ ಬಿಡು, ನೀರು ಬಿಡು, ಗಾಳಿಪಟ ಬಿಡು ಅನ್ನುವ ಹಾಗೆ "ಬಿಡು!" ಎಂದು ಯಜಮಾನರು ಒಮ್ಮೆ ಕೂಗಿದರು, ಅದೇ ರೂಢಿಯಾಯಿತು. ಬಿಡು ಅಂದ ಕೂಡಲೇ ಸೊಸೆಯ ಎಡ ಹೆಬ್ಬೆರಳು ರಿಮೋಟಿನ ಎಡಗೋಲನ್ನು ಮುಂದಕ್ಕೆ ತಳ್ಳುತ್ತಿತ್ತು, ಬ್ಲೇಡು ಕಿರುಚುತ್ತಾ ತಿರುಗುತ್ತಿತ್ತು. ಎರಡು ಸೀಸನ್ ಹಾಗೇ ನಡೆದು, ಆ ಪದ ಕಿವಿಗೆ ಬೀಳುವುದೂ ಬೆರಳು ಚಲಿಸುವುದೂ ಒಂದೇ ಆಗಿಹೋಗಿತ್ತು. ನಡುವೆ ಯೋಚನೆಗೆ ಜಾಗವೇ ಇರಲಿಲ್ಲ.

ನಾಲ್ಕು ತಿಂಗಳ ಹಿಂದೆ, ಹೋದ ಸೀಸನ್ನಿನ ಕೊನೆಯ ಅಭ್ಯಾಸದ ದಿನ, ಗುಮ್ಮನ ಚಕ್ರ ನೆಲದ ಸಂದಿಗೆ ಸಿಕ್ಕಿಕೊಂಡಿತು. ಬ್ಲೇಡು ನಿಂತಿತ್ತು. ನಿಂತ ಬ್ಲೇಡು ಮತ್ತೆ ತಿರುಗದಂತೆ ಅದರ ತೂತಿಗೆ ಒಂದು ಪಿನ್ನು ತೂರಿಸುವುದು ವಾಡಿಕೆ. ಪಿನ್ನು ತೂರಿಸಲು ಯಜಮಾನರು ಮಂಡಿಯೂರಿ ತಲೆ, ತೋಳು ಪಂಜರದೊಳಗೆ ಹಾಕಿದ್ದರು. ಚಕ್ರ ಬಿಡಿಸಲು ಸೊಸೆ ಇನ್ನೂ ರಿಮೋಟಿನ ಬಲಗೋಲು ಅಲ್ಲಾಡಿಸುತ್ತಿದ್ದಳು. ಗಾಳಿ ಒತ್ತುವ ಕಂಪ್ರೆಸರು ಬಡಬಡ ಎನ್ನುತ್ತಿತ್ತು. ಯಜಮಾನರ ಬೆರಳು ಬ್ಲೇಡಿನ ಎದುರಿಗೆ ಹೋದದ್ದನ್ನು ಬಾಗಿಲ ಬಳಿ ನಿಂತ ಪುಕ್ಕಲಣ್ಣ ಕಂಡ. ಜೀವ ಬಾಯಿಗೆ ಬಂತು. ರಿಮೋಟನ್ನು ಕೈಬಿಡು, ಮುಟ್ಟಬೇಡ ಎಂದು ಹೇಳಲು ಹೋದ ಅವನು, ಹುಟ್ಟಿದಂದಿನಿಂದ ಏರಿಸದಿದ್ದ ದನಿ ಏರಿಸಿ ಸೊಸೆಯ ಬೆನ್ನ ಹಿಂದೆ ಕೂಗಿದ್ದು ಎರಡೇ ಅಕ್ಷರ. "ಬಿಡು! ಬಿಡು!"

ಸೊಸೆಯ ಹೆಬ್ಬೆರಳು ಮುಂದಕ್ಕೆ ಹೋಯಿತು. ಯಜಮಾನರ ಬಲಗೈಯ ಎರಡು ಬೆರಳಿನ ತುದಿ ಹೋದವು.

ಆಸ್ಪತ್ರೆಯ ಬೆಂಚಿನ ಮೇಲೆ ಸೊಸೆ ಎಲ್ಲರನ್ನೂ ಕೇಳಿದಳು. "ಯಾರೋ ಬಿಡು ಅಂದ್ರಲ್ಲ? ಅಂದಿದ್ದು ಕೇಳಿಸ್ತು." ಟೀಚರ್ ಹೊರಗೆ ಫೋನಿನಲ್ಲಿದ್ದವರು, ಕೇಳಿಲ್ಲ ಅಂದರು. ಕೈಗೆ ಬಟ್ಟೆ ಸುತ್ತಿಕೊಂಡು ಕೂತ ಯಜಮಾನರು, ಆ ಗದ್ದಲದಲ್ಲಿ ತಲೆ ಒಳಗಿದ್ದಾಗ ತಮಗೇನು ಕೇಳುತ್ತದೆ ಅಂದರು. ಆಕೆ ಕೊನೆಗೆ ಮಾವನ ಕಡೆ ತಿರುಗಿದಳು. ಆ ಕಿರುಚು ದನಿ ಮಾವನದ್ದು ಎಂದು ಆಕೆಗೆ ಹೊಳೆಯುವ ಹಾಗೇ ಇರಲಿಲ್ಲ, ಮಾವ ದನಿಯೆತ್ತಿದ್ದನ್ನು ಆಕೆ ಎಂದೂ ಕೇಳಿದವಳಲ್ಲ. "ಮಾವ, ನೀವು ನನ್ನ ಹಿಂದೇನೇ ಇದ್ರಲ್ಲ. ನಿಮಗೆ ಕೇಳಿಸ್ತಾ?"

"ಇಲ್ಲಮ್ಮ" ಎಂದ ಪುಕ್ಕಲಣ್ಣ. "ನನಗೇನೂ ಕೇಳಿಸ್ಲಿಲ್ಲ."

ಆ ಕ್ಷಣಕ್ಕೆ ಹೆದರಿ ಆಡಿದ ಮಾತು. ನಾಳೆ ಹೇಳೋಣ ಅಂದುಕೊಂಡ. ನಾಳೆ ಅನ್ನುವುದು ನಾಡಿದ್ದಾಯಿತು, ವಾರವಾಯಿತು, ತಿಂಗಳಾಯಿತು. ಹೇಳುವುದು ತಡವಾದಷ್ಟೂ ಹೇಳುವ ಮಾತು ದಪ್ಪವಾಗುತ್ತಾ ಹೋಯಿತು, ಗಂಟಲಿನಲ್ಲಿ ಹಿಡಿಸದಾಯಿತು. ಹೊರಗಿನ ಜಗತ್ತಿಗೆ ಅವನು ಪುಕ್ಕಲ, ಸರಿ. ಆದರೆ ಮನೆಯಲ್ಲಿ ಅವನು ಮಾವ. ಗ್ಯಾಸ್ ಆರಿಸಿದ್ದೀನಾ, ಬಾಗಿಲು ಹಾಕಿದ್ದೀನಾ, ಮಗುವಿನ ಜ್ವರ ಇಳಿದಿದೆಯಾ ಎಂದು ಆಕೆ ಕೇಳುವುದು ಅವನನ್ನೇ, ಅವನು ಹೂಂ ಅಂದರೆ ಆಕೆಗೆ ನಿಶ್ಚಿಂತೆ. ಅದೊಂದು ಹೋದರೆ ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂದು ಅವನಿಗೆ ದಿಗಿಲು.

ಇತ್ತ ಸೊಸೆಗೆ ತನ್ನ ಕಿವಿಯ ಮೇಲೇ ನಂಬಿಕೆ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು ಆಕೆಯ ಪಾಡು. ಲ್ಯಾಬಿನಲ್ಲಿ ಬಂದವರ ಹೆಸರನ್ನು ಮೂರು ಮೂರು ಸಲ ಹೇಳಿಸತೊಡಗಿದಳು. "ಎಡಗೈ ಅಂದ್ರಾ? ಎಡಗೈ ಅಲ್ವಾ? ಇನ್ನೊಂದ್ಸಲ ಹೇಳಿ." ಮನೆಯಲ್ಲಿ, "ಮಾವ, ಕರೆದ್ರಾ?" ಎಂದು ದಿನಕ್ಕೆ ಹತ್ತು ಸಲ. ಕರೆದಿರುತ್ತಿರಲಿಲ್ಲ. ಕಿವಿ ಡಾಕ್ಟರ ಬಳಿ ಅವನೇ ಕರೆದುಕೊಂಡು ಹೋದ, ಸರದಿಯ ಚೀಟಿ ಹಿಡಿದು ಪಕ್ಕದಲ್ಲಿ ಕೂತ, ನಾಚಿಕೆಗೇಡು! ಕಿವಿ ಸರಿಯಾಗಿಯೇ ಇದೆ ಎಂದರು ಡಾಕ್ಟರು. ಮೆಟ್ಟಿಲಿಳಿಯುವಾಗ ಸೊಸೆ ನಿಂತಳು.

"ಕಿವಿ ಸರಿ ಇದ್ರೆ, ಕೆಟ್ಟಿರೋದು ತಲೆ ಅಲ್ವಾ ಮಾವ?"

ಅವನು ಆಕೆಯ ಚೀಲ ಇಸಿದುಕೊಂಡು, "ಹಾಗೆಲ್ಲ ಅನ್ಬಾರದಮ್ಮ" ಎಂದ. ಅಷ್ಟೇ ಅಂದ. ಅವತ್ತು ಅವನಿಗೆ ಅನ್ನ ಸೇರಲಿಲ್ಲ, ಆದರೆ ಬಾಯಿಯೂ ಬಿಚ್ಚಲಿಲ್ಲ. ಇಂಥವನನ್ನು ಏನೆನ್ನಬೇಕೋ ನೀವೇ ಹೇಳಿ.

ಮುಂದಿನ ಸೀಸನ್ನಿಗೆ ಇನ್ನು ಆರು ವಾರ ಎನ್ನುವಾಗ ಟೀಚರ್ ಎಲ್ಲರನ್ನೂ ಕರೆದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಲೇತ್ ಶೆಡ್ಡು. ಏನೇನು ಸುಧಾರಿಸಬೇಕು ಎಂಬುದರ ಪಟ್ಟಿ ಮಾಡುವುದು, ಆಮೇಲೆ ಗುಮ್ಮನ ಹೊಸ ಬ್ಲೇಡು ತಿರುಗಿಸಿ ನೋಡುವುದು. ಪುಕ್ಕಲಣ್ಣ ಸೊಸೆಯ ಸ್ಕೂಟರಿನ ಹಿಂದೆ ಕೂತು ಬಂದ. ಆಕೆ ದಾರಿಯುದ್ದಕ್ಕೂ ಪ್ರತಿ ತಿರುವಿನಲ್ಲಿ ಗಾಡಿ ನಿಲ್ಲಿಸಿ ಹಿಂದೆ ತಿರುಗಿ, "ಹಾರ್ನ್ ಆಯ್ತಾ ಮಾವ? ನಿಜವಾಗ್ಲೂ ಆಯ್ತಾ?" ಎಂದು ಕೇಳುತ್ತಿದ್ದಳು.

ಶೆಡ್ಡಿನಲ್ಲಿ ಎಣ್ಣೆ, ಕಬ್ಬಿಣದ ಚೂರಿನ ವಾಸನೆ. ಯಜಮಾನರು ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಟೀ ಕುಡಿಯುತ್ತಿದ್ದರು. ಬಲಗೈ ತೊಡೆಯ ಮೇಲಿತ್ತು. ಮೊಂಡಾದ ಎರಡು ಬೆರಳಿನ ತುದಿಯ ಚರ್ಮ ಇನ್ನೂ ಎಳಸು, ನಸುಗೆಂಪು. ಪುಕ್ಕಲಣ್ಣ ಅತ್ತ ನೋಡದೆ ಪಂಜರದ ಬಾಗಿಲಿನ ತಿರುಪು ಬಿಗಿ ಮಾಡುತ್ತಾ ನಿಂತ.

ಟೀಚರ್ ನೋಟುಪುಸ್ತಕ ತೆರೆದರು. "ಒಂದು, ಪಂಜರದ ಉತ್ತರದ ಕಡೆ ಹಾಳೆ ಬಿರುಕು ಬಿಟ್ಟಿದೆ, ಬದಲಾಯಿಸ್ಬೇಕು. ಎರಡು, ರಿಮೋಟಿನ ಸಿಗ್ನಲ್ ಕಡಿದುಹೋದ್ರೆ ಗುಮ್ಮ ತಾನಾಗೇ ನಿಲ್ತಾನಾ, ಇಲ್ಲ ಹುಚ್ಚನ ಹಾಗೆ ತಿರುಗ್ತಾನೇ ಇರ್ತಾನಾ? ನಾವು ಇದುವರೆಗೂ ಪರೀಕ್ಷೆ ಮಾಡೇ ಇಲ್ಲ."

"ಸೇರಿಸ್ಕೊಳ್ಳಿ, ಆ ರಿಮೋಟಿನ ಎಡಗೋಲೂ ಸಡಿಲ ಆಗಿದೆ" ಎಂದರು ಯಜಮಾನರು. "ಅವತ್ತು ನೆಲಕ್ಕೆ ಬಿದ್ದಾಗಿಂದ. ಹೆಬ್ಬೆರಳಲ್ಲಿ ಕೆಳಗೆ ಒತ್ತಿ ಹಿಡೀದಿದ್ರೆ ತಾನಾಗೇ ಮೇಲಕ್ಕೆ ಬರುತ್ತೆ, ದರಿದ್ರದ್ದು."

"ಮೂರು. ಇನ್ನು ಮೇಲೆ ಪಿನ್ನು ಹಾಕೋರು ಯಾರು?"

ಯಜಮಾನರು ಟೀ ಲೋಟದೊಳಗೆ ನೋಡಿದರು. "ನನ್ನ ಕೈಲಂತೂ ಆಗಲ್ಲ. ಅದರ ಮುಂದೆ ಮಂಡಿಯೂರಿದ್ರೆ ಬೆವರು ಕಿತ್ಕೊಂಡು ಬರುತ್ತೆ" ಎಂದರು. ಅಷ್ಟು ದೊಡ್ಡ ಗಂಟಲು ಆ ಮಾತಿಗೆ ಚಿಕ್ಕದಾಯಿತು.

"ನಾಲ್ಕು..." ಟೀಚರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಬೇಜಾರು ಮಾಡ್ಕೋಬೇಡಮ್ಮ. ಗುಮ್ಮನ ರಿಮೋಟು ಈ ಸಲ ಬೇರೆಯವರು ಹಿಡಿದ್ರೆ ಹೇಗೆ?"

"ನಾನೇ ಹೇಳ್ಬೇಕು ಅಂತಿದ್ದೆ ಟೀಚರ್" ಎಂದಳು ಸೊಸೆ. "ನನ್ನ ಹೆಸರು ತೆಗೆದುಹಾಕಿ. ನನಗೆ ಇಲ್ಲದ ಮಾತೆಲ್ಲ ಕೇಳ್ಸುತ್ತೆ. ಮಂಗಳವಾರ ತಲೆ ಡಾಕ್ಟರನ್ನ ನೋಡೋಕೆ ಹೋಗ್ತಿದೀನಿ. ಮಗೂನ ನಾಳೆ ಅಮ್ಮನ ಮನೇಲಿ ಇಟ್ಟು ಬರ್ತೀನಿ."

ಪುಕ್ಕಲಣ್ಣನ ಕೈಯಿಂದ ತಿರುಪುಳಿ ಕೆಳಗೆ ಬಿತ್ತು. "ಮಗೂನಾ? ಯಾಕಮ್ಮ?"

"ನಿನ್ನೆ ಸ್ನಾನ ಮಾಡಿಸ್ತಿದ್ದೆ ಮಾವ. ನೀರಲ್ಲಿ ಕೂತಿತ್ತು. ಇದ್ದಕ್ಕಿದ್ದ ಹಾಗೆ ಅನ್ನಿಸ್ತು, ಈಗ ಯಾರೋ ಏನೋ ಅಂದಂಗಾಗಿ ನನ್ನ ಕೈ ತಾನಾಗೇ ಏನಾದ್ರೂ ಮಾಡಿಬಿಟ್ರೆ? ಒದ್ದೆ ಮೈಯಲ್ಲೇ ಎತ್ಕೊಂಡು ಬಂದು ನಿಮ್ಮ ಹಾಸಿಗೆ ಮೇಲೆ ಹಾಕಿದ್ದು ಅದಕ್ಕೇ." ಆಕೆ ಅಳುತ್ತಿರಲಿಲ್ಲ. ಲ್ಯಾಬಿನಲ್ಲಿ ಯಾರದೋ ವರದಿ ಓದಿ ಹೇಳುವ ಹಾಗೆ ಹೇಳುತ್ತಿದ್ದಳು. "ನಾನು ಸರಿ ಹೋಗೋ ತನಕ ಅಲ್ಲಿರ್ಲಿ. ಸರಿ ಹೋದ್ರೆ."

ಪುಕ್ಕಲಣ್ಣ ತಿರುಪುಳಿ ಎತ್ತಿಕೊಳ್ಳಲು ಮರೆತ. ಎರಡು ವರ್ಷದ ಮೊಮ್ಮಗಳು. ನಿನ್ನೆ ಒದ್ದೆ ಮೈಯಲ್ಲಿ ಅವನ ಹಾಸಿಗೆಯ ಮೇಲೆ ಕೂತು, ಯಾಕೆ ಸ್ನಾನ ನಿಂತಿತು ಎಂದು ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿತ್ತು ಪಾಪ. ಹೇಳಿಬಿಡು, ಈಗಲೇ ಹೇಳಿಬಿಡು ಎಂದು ತನಗೆ ತಾನೇ ಹೇಳಿಕೊಂಡ. ಯಜಮಾನರ ಅಗಲ ಭುಜ ಕಂಡಿತು, ಮೊಂಡು ಬೆರಳು ಕಂಡವು. ಅತ್ತ ದರಿ ಇತ್ತ ಹುಲಿ. ಹೆದರಿದವನು ನೇರ ಬಾಗಿಲಿಂದ ಬರುವುದಿಲ್ಲ, ಅವನು ಕಿಟಕಿ ಹುಡುಕಿದ.

"ಟೀಚರ್, ಪಟ್ಟಿಗೆ ಇನ್ನೊಂದು ಸೇರಿಸಿ" ಎಂದ. "ಆ ಬಿಡು ಅನ್ನೋ ಪದ ಬದಲಾಯಿಸ್ಬೇಕು. ಓಡಿಸು ಅನ್ನೋದಕ್ಕೂ ಬಿಡು, ಮುಟ್ಬೇಡ ಅನ್ನೋದಕ್ಕೂ ಬಿಡು. ಎರಡಕ್ಕೂ ಒಂದೇ ಆದ್ರೆ ಹೇಗೆ?"

ಟೀಚರಿಗೆ ಅದು ಹಿಡಿಸಿತು. "ಹೌದಲ್ಲ! ಹಾಗಾದ್ರೆ ಶುರುವಿಗೆ ಹಾಕು ಅನ್ನೋಣ, ನಿಲ್ಲಿಸೋದಕ್ಕೆ ಸಾಕು ಅನ್ನೋಣ."

"ಹಾಕು, ಸಾಕು! ಕಂಪ್ರೆಸರ್ ಸದ್ದಲ್ಲಿ ಯಾವುದು ಹಾಕು ಯಾವುದು ಸಾಕು ಅಂತ ಯಾರ ತಾತಂಗೆ ಗೊತ್ತಾಗುತ್ತೆ?" ಎಂದರು ಯಜಮಾನರು.

"ಹೋಗು ಅಂದ್ರೆ?"

"ಯಾರಿಗೆ ಹೋಗು ಅಂತೀರಿ? ನಾನೇ ಎದ್ದು ಹೋಗ್ತೀನಿ ಅಷ್ಟೇ."

ಟೀಚರ್ ನಕ್ಕರು. ಸೊಸೆ ಕೂಡ ಅರೆಗಳಿಗೆ ತುಟಿ ಅರಳಿಸಿದಳು. ಪುಕ್ಕಲಣ್ಣನಿಗೆ ಉಸಿರು ಬಂದಂತಾಯಿತು. ಪದ ಬದಲಾದರೆ ಸಾಕು, ಯಾರು ಕೂಗಿದರೆಂದು ಯಾರೂ ಕೇಳಲಾರರು, ಮೆಲ್ಲಗೆ ಎಲ್ಲ ಸರಿಹೋದೀತು ಎಂಬ ಆಸೆ. ಅಷ್ಟರಲ್ಲಿ ಯಜಮಾನರು ಲೋಟ ಕೆಳಗಿಟ್ಟರು.

"ಪದ ಬದಲಾಯಿಸಿ, ಬೇಡ ಅನ್ನಲ್ಲ. ಆದ್ರೆ ಅವತ್ತಿನದಕ್ಕೂ ಪದಕ್ಕೂ ಏನು ಸಂಬಂಧ? ಅವತ್ತು ಯಾರೂ ಕೂಗೇ ಇಲ್ವಲ್ಲ."

ಸೊಸೆ ತಲೆ ತಗ್ಗಿಸಿದಳು. "ಹೌದು. ಯಾರೂ ಕೂಗಿಲ್ಲ" ಎಂದಳು ತನ್ನೊಳಗೇ ಅನ್ನುವ ಹಾಗೆ. ಆ ಬಗ್ಗಿದ ಕುತ್ತಿಗೆಯನ್ನು ಪುಕ್ಕಲಣ್ಣ ನೋಡಿದ.

"ನಾನು ಕೂಗಿದೆ" ಎಂದ.

ದನಿ ಹೊರಗೆ ಬಂದಿತೋ ಇಲ್ಲವೋ ಅವನಿಗೇ ಅನುಮಾನ. ಟೀಚರ ಪೆನ್ನು ನಿಂತಿತು. ಯಜಮಾನರು ಕತ್ತು ತಿರುಗಿಸಿದರು. ಸೊಸೆ ತಲೆ ಎತ್ತಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದಳು.

"ಅವತ್ತು ಬಿಡು ಅಂತ ಕೂಗಿದ್ದು ನಾನು. ರಿಮೋಟ್ ಕೈಬಿಡು ಅಂತ."

"ಇನ್ನೊಂದ್ಸಲ."

ಮೂರನೆಯ ಸಲಕ್ಕೆ ಅವನು ಆಕೆಯ ಎದುರಿಗೇ ಬಂದು ನಿಂತ. "ನಿನ್ನ ಕಿವಿ ಸರಿ ಇದೆ, ತಲೆ ಸರಿ ಇದೆ. ನಾನೇ ಕೂಗಿದ್ದು ಕಣಮ್ಮ. ನೀನು ಕೇಳಿದ್ದು ನಿಜ."

ಆಕೆ ಈಗ ಎದ್ದು ನಿಂತಳು. "ಆಸ್ಪತ್ರೇಲಿ ನಿಮ್ಮನ್ನ ಕೇಳ್ದೆ."

"ಹೂಂ."

"ಮುಖ ನೋಡಿ ಕೇಳ್ದೆ ಮಾವ. ಕಿವಿ ಡಾಕ್ಟರ ಹತ್ರ ಪಕ್ಕದಲ್ಲೇ ಕೂತಿದ್ರಿ. ನಿನ್ನೆ ಮಗೂನ ತಂದು ಹಾಕಿದಾಗ ಟವೆಲ್ ತಂದುಕೊಟ್ರಿ. ಆಗಲೂ ಬಾಯಿ ಬರ್ಲಿಲ್ವಾ?"

"ಹೆದರಿಕೆ ಆಯ್ತು."

"ಯಾರ ಹೆದರಿಕೆ? ಇವರದಾ?" ಎಂದು ಯಜಮಾನರತ್ತ ಗದ್ದ ತೋರಿಸಿದಳು.

"ಇವರದೂ ಹೌದು. ಆದ್ರೆ ಅದಲ್ಲ. ನೀನು ನನ್ನನ್ನ ಮಾವ ಅನ್ನೋದು ನಿಲ್ಲಿಸ್ತೀಯ ಅಂತ" ಎಂದ ಪುಕ್ಕಲಣ್ಣ. ಕಣ್ಣೀರು ಇಳಿಯಿತು, ಒರೆಸಿಕೊಳ್ಳಲೂ ಕೈ ಬರಲಿಲ್ಲ.

ಯಜಮಾನರು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದರು. ಇಂಥ ಹೊತ್ತಿನಲ್ಲಿ ಟೀಚರ್ ಅನ್ನುವವರು ಏನಾದರೊಂದು ಬರೆದೇ ತೀರಬೇಕು ತಾನೆ. "ಮೊದಲ ವರ್ಷ ನೀವೊಂದು ಹೇಳಿದ್ರಲ್ಲ, ಲಿಫ್ಟಿನ ನಿಯಮ? ಅದನ್ನ ಹೇಳಿ, ಬರ್ಕೋತೀನಿ" ಎಂದರು. ಪುಕ್ಕಲಣ್ಣ ತೊದಲುತ್ತಾ ಹೇಳಿದ. ಒಳಗೆ ಕೈ ಹಾಕುವವರು ರಿಮೋಟು ತಮ್ಮ ಕತ್ತಿಗೇ ಹಾಕಿಕೊಂಡು ಹೋಗಬೇಕು. ಟೀಚರ್ ಅದನ್ನು ಪಟ್ಟಿಯ ಮೇಲ್ಗಡೆ ಬರೆದು, ಅಡಿಗೆರೆ ಎಳೆದು, 'ಈ ಸೀಸನ್ನಿನಿಂದ ಜಾರಿಗೆ' ಎಂದು ಸೇರಿಸಿದರು.

ಸೊಸೆ ಅದನ್ನು ಓದಿದಳು. ಆಮೇಲೆ ಯಾರನ್ನೂ ಕೇಳದೆ ಗುಮ್ಮನನ್ನು ಎತ್ತಿ ಪಂಜರದೊಳಗೆ ಇಟ್ಟಳು, ಜೀವ ಕೊಡುವ ಕೆಂಪು ಪ್ಲಗ್ಗು ಚುಚ್ಚಿದಳು, ಬಾಗಿಲು ಹಾಕಿ ಬಂದು ನಾಲ್ಕು ತಿಂಗಳ ಮೇಲೆ ರಿಮೋಟು ಕೈಗೆತ್ತಿಕೊಂಡು ಅದರ ಸ್ವಿಚ್ಚು ಒತ್ತಿದಳು. ಹೊಸ ಬ್ಲೇಡು ತಿರುಗಿತು. ಪ್ಲಾಸ್ಟಿಕ್ ಹಾಳೆ ಗುಂಯ್‌ಗುಟ್ಟಿತು. ಯಜಮಾನರು ಸ್ಟೂಲು ಸಮೇತ ಹಿಂದೆ ಸರಿದರು. ಆಕೆ ಕೋಲು ಕೆಳಗೆಳೆದಳು, ಬ್ಲೇಡು ನಿಧಾನವಾಗಿ ನಿಂತಿತು. ಇನ್ನು ಪಿನ್ನು ಹಾಕಬೇಕು.

"ನಾನು ಹಾಕ್ತೀನಿ" ಎಂದಳು.

"ಹಾಗಾದ್ರೆ ರಿಮೋಟ್ ಕತ್ತಿಗೆ ಹಾಕ್ಕೋ" ಎಂದರು ಟೀಚರ್.

"ಅದು ಸೀಸನ್ನಿಂದ ಜಾರಿಗೆ ಅಂತ ಬರ್ದಿದೀರಲ್ಲ ಟೀಚರ್. ಸೀಸನ್ ಶುರುವಾಗೋಕೆ ಇನ್ನೂ ಆರು ವಾರ ಇದೆ. ಇವತ್ತು ಹಳೇ ಪದ್ಧತಿ." ಆಕೆ ನೇರ ಮಾವನ ಬಳಿ ಬಂದು ರಿಮೋಟನ್ನು ಅವನ ಎರಡೂ ಕೈಯೊಳಗಿಟ್ಟಳು. ಅವನ ಎಡ ಹೆಬ್ಬೆರಳನ್ನು ಹಿಡಿದು ಕೋಲಿನ ಮೇಲೆ ಒತ್ತಿದಳು. "ಇದು ಬ್ಲೇಡು. ಹೀಗೇ ಕೆಳಗೆ ಒತ್ತಿ ಹಿಡ್ಕೊಂಡಿರಿ. ಎತ್ಬೇಡಿ, ತಾನಾಗೇ ಮೇಲೆ ಬರುತ್ತೆ."

"ಬೇಡಮ್ಮ. ದಮ್ಮಯ್ಯ. ನಾನು ಒಳಗೆ ಹೋಗ್ತೀನಿ, ನೀನು ಹಿಡ್ಕೋ."

ಆಕೆ ಪಿನ್ನು ತೆಗೆದುಕೊಂಡು ಬಾಗಿಲು ತೆರೆದಳು. ಮಂಡಿಯೂರಿದಳು.

ಅವನ ಮೂವತ್ತೆರಡು ವರ್ಷದ ಭಯವೆಲ್ಲ ಒಂದು ತೂಕ, ಆ ಒಂದು ನಿಮಿಷ ಒಂದು ತೂಕ. ರಿಮೋಟು ಆರಿಸಿಬಿಡೋಣವೆಂದರೆ ಸ್ವಿಚ್ಚು ಒತ್ತಲು ಹೆಬ್ಬೆರಳು ಎತ್ತಬೇಕು. ಎತ್ತಿದರೆ ಕೋಲು ಮೇಲೇಳುತ್ತದೆ. ಬೇರೆ ಬೆರಳಿಂದ ಆರಿಸಿದರೂ, ಸಿಗ್ನಲ್ ಕಡಿದರೆ ಗುಮ್ಮ ನಿಲ್ಲುತ್ತಾನೋ ತಿರುಗುತ್ತಾನೋ ಯಾರಿಗೂ ಗೊತ್ತಿಲ್ಲ, ಈಗ ತಾನೇ ಟೀಚರ್ ಹೇಳಿದ್ದಾರೆ. ಕೆಳಗಿಡುವ ಹಾಗಿಲ್ಲ. ಯಾರಿಗೂ ದಾಟಿಸುವ ಹಾಗಿಲ್ಲ. ಬೆವರು ಹುಬ್ಬಿನಿಂದ ಕಣ್ಣಿಗಿಳಿದು ಉರಿಯಿತು, ರೆಪ್ಪೆ ಮಿಟುಕಿಸಲೂ ಹೆದರಿದ. ಸೀನು ಬಂದರೆ? ಕೆಮ್ಮು ಬಂದರೆ? ಹೆಬ್ಬೆರಳಿನಡಿ ಬೆವರಿಗೆ ಜಾರಿದರೆ? ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ಸೊಸೆಯ ಬಲಗೈ ಬ್ಲೇಡಿನ ಎದುರಿನ ಸಂದಿಗೆ ಹೋಯಿತು. ಅವಸರವಿಲ್ಲ. ಪಿನ್ನಿನ ತೂತಿನಲ್ಲಿ ದೂಳಿತ್ತೋ ಏನೋ, ಕಿರುಬೆರಳಿನಿಂದ ಒರೆಸಿದಳು. ಹಿಂದೆ ತಿರುಗದೆಯೇ ಕೇಳಿದಳು.

"ಮಾವ, ನಿಮಗೇನಾದ್ರೂ ಕೇಳಿಸ್ತಿದೆಯಾ?"

ಬಾಯಿ ತೆರೆದರೆ ಬೆರಳು ಅಲುಗಬಹುದೆಂಬ ಭಯ ಅವನಿಗೆ. ಕಿವಿಯಲ್ಲಿ ತನ್ನದೇ ಎದೆ ಬಡಿತ ಬಿಟ್ಟರೆ ಏನೂ ಇರಲಿಲ್ಲ. ಟಕ್ಕೆಂದು ಪಿನ್ನು ಕೂತಿತು. ಆಕೆ ಕೆಂಪು ಪ್ಲಗ್ಗು ಕಿತ್ತಳು. ಗುಮ್ಮನ ದೀಪ ಆರಿತು.

"ಆಯ್ತು, ಕೊಡಿ" ಎಂದು ಎದುರಿಗೆ ಬಂದು ನಿಂತಳು. ಅವನಿಂದ ಕೊಡಲಾಗಲಿಲ್ಲ. ಬೆರಳು ಮರಗಟ್ಟಿ ಹೋಗಿದ್ದವು. ಆಕೆ ಒಂದೊಂದೇ ಬೆರಳು ಬಿಡಿಸಿದಳು, ಸೂಜಿಗೆ ಹೆದರಿ ಮುಷ್ಟಿ ಕಟ್ಟಿದವರ ಬೆರಳು ಬಿಡಿಸುವ ಅಭ್ಯಾಸ ಆಕೆಗಿತ್ತು. ಆಕೆಯ ಕೈ ನಡುಗುತ್ತಿರಲಿಲ್ಲ.

"ನಾಲ್ಕು ತಿಂಗಳು ನಂಗೆ ಹೀಗೇ ಇತ್ತು" ಎಂದಳು. "ಮಗೂನ ಮುಟ್ಟಿದಾಗೆಲ್ಲ."

ಶೆಡ್ಡಿನ ಬಾಗಿಲಿಗೆ ಹೋಗಿ ಫೋನು ಹಚ್ಚಿದಳು. "ಅಮ್ಮಾ, ನಾಳೆ ಮಗೂನ ಕರ್ಕೊಂಡು ಬರಲ್ಲ. ಇಲ್ಲ, ಹುಷಾರಾಗಿದೀನಿ. ಹುಷಾರಾಗಿದೀನಿ ಅಂದ್ನಲ್ಲಮ್ಮ." ಅಲ್ಲಿಯೇ ಆಕೆಗೆ ಅಳು ಬಂತು. ಗೋಡೆಗೆ ಹಣೆ ಹಚ್ಚಿ ಸಾಕಾಗುವಷ್ಟು ಅತ್ತಳು. ಟೀಚರ್ ಹೋಗಿ ಬೆನ್ನು ಸವರಿದರು. ಪುಕ್ಕಲಣ್ಣ ಹತ್ತಿರ ಹೋಗಲಿಲ್ಲ, ಆ ಹಕ್ಕು ತನಗಿಲ್ಲವೆಂದು ಅವನಿಗೆ ಗೊತ್ತಿತ್ತು.

ಮುಖ ಒರೆಸಿಕೊಂಡು ಸ್ಕೂಟರಿನ ಕೀಲಿ ತೆಗೆದ ಸೊಸೆ, ಅವನತ್ತ ನೋಡದೆ ಹೇಳಿದಳು. "ನಾನು ಹೊರಡ್ತೀನಿ, ಸ್ನಾನ ಮಾಡಿಸ್ಬೇಕು. ನೀವು ನಡ್ಕೊಂಡು ಬನ್ನಿ. ಊಟಕ್ಕೆ ಬಂದುಬಿಡಿ, ಮಗು ತಾತ ಎಲ್ಲಿ ಅಂತ ಹುಡುಕುತ್ತೆ. ನನ್ನ ಹತ್ರ ಮಾತ್ರ ಸ್ವಲ್ಪ ದಿನ ಮಾತಾಡ್ಬೇಡಿ."

ಟೀಚರೂ ಆಕೆಯ ಹಿಂದೆ ಕೂತು ಹೋದರು. ಸ್ಕೂಟರು ಮೊದಲ ತಿರುವಿನಲ್ಲಿ ಹಾರ್ನ್ ಹೊಡೆದು, ನಿಲ್ಲದೆ ತಿರುಗಿತು. ಶೆಡ್ಡಿನಲ್ಲಿ ಇಬ್ಬರೇ ಉಳಿದರು. ಯಜಮಾನರು ಎದ್ದು ಮೇಜಿನ ಬಳಿ ಬಂದರು. ಮೇಜಿನ ಮೇಲಿದ್ದ ಕಬ್ಬಿಣದ ಚೂರುಗಳನ್ನು ಎಡಗೈಯಿಂದ ಪಕ್ಕಕ್ಕೆ ಗುಡಿಸಿ, ಆ ಜಾಗದಲ್ಲಿ ಬಲಗೈಯನ್ನು ಅಂಗೈ ಕೆಳಗಾಗಿ ಚಾಚಿ ಇಟ್ಟರು.

"ಅವಳಿಗೆ ಹೇಳಿದ್ದಾಯ್ತು" ಎಂದರು. ದನಿ ಏರಿರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಈಗ ನನಗೆ ಹೇಳಿ."

ಪುಕ್ಕಲಣ್ಣ ಬೀದಿಯ ಕಡೆ ನೋಡಿದ. ಬಾಗಿಲು ತೆರೆದೇ ಇತ್ತು, ಅಡ್ಡ ಯಾರೂ ಇರಲಿಲ್ಲ, ಕಾಲಿಗೆ ಬುದ್ಧಿ ಹೇಳಿದ್ದರೆ ಆಗುತ್ತಿತ್ತು. ಅವನು ಸ್ಟೂಲು ಎಳೆದುಕೊಂಡು ಆ ಕೈಯ ಎದುರಿಗೆ ಕೂತು, ಆ ಎರಡು ಬೆರಳುಗಳನ್ನು ಮೊದಲ ಸಲ ನೆಟ್ಟಗೆ ನೋಡುತ್ತಾ ಹೇಳಲು ಶುರುಮಾಡಿದ.